ಕಿವಿಗೊಂದು, ಕಣ್ಣಿಗೊಂದು

ಬೋಳಾರದ ಮೋಹನದಾಸರ ಯಕ್ಷಗಾನದ ಹುಚ್ಚು ಅಂತಿಂಥದ್ದಲ್ಲ. ಮಾವನ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಮೂವತ್ತೆರಡು ವರ್ಷ ಕುಳಿತರೂ ಅವರ ಮನಸ್ಸು ಯಾವುದಾದರೊಂದು ಮೇಳದ ಬಣ್ಣ ಹಚ್ಚುವ ಚೌಕಿಯಲ್ಲೇ ಇರುತ್ತಿತ್ತು. ಊಟ ಮುಗಿಸಿ ಬಿಲ್ ಕೊಡಲು ಬಂದವರನ್ನು ನಿಲ್ಲಿಸಿಕೊಂಡು, ನಿನ್ನೆಯ ಆಟದ ರಾಕ್ಷಸನ ಮುಖಕ್ಕೆ ಅಕ್ಕಿಹಿಟ್ಟಿನ ಬಿಳಿ ಚುಕ್ಕೆಗಳ ಚುಟ್ಟಿ ಸರಿಯಾಗಿ ಇಟ್ಟಿರಲಿಲ್ಲ ಎಂದು ಜಗಳಕ್ಕೇ ನಿಲ್ಲುವರು. ಚುಟ್ಟಿ ಇಟ್ಟವನು ಆ ಗಿರಾಕಿಯೋ ಎಂಬಂತೆ!

ಹೋಟೆಲು ಬಿಟ್ಟ ಮೇಲೆ ಯಕ್ಷಗಾನದ ಡಿಸ್ಕುಗಳೇ ಅವರ ಸಂಸಾರವಾದವು. ತಾಳಮದ್ದಳೆಯಲ್ಲಿ ವೇಷವಿಲ್ಲ, ಬರೀ ಹಾಡು, ಮಾತು. ಹಾಗಾಗಿ ಅದಕ್ಕೊಂದು ಆಡಿಯೋ ಪ್ಲೇಯರ್. ಆಟಕ್ಕೆ ವೇಷವೇ ಜೀವ, ಅದಕ್ಕೊಂದು ವಿಡಿಯೋ ಪ್ಲೇಯರ್. ಎರಡನ್ನೂ ನಡೆಸುವ ಒಂದೇ ಯಂತ್ರ ಪೇಟೆಯಲ್ಲಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, "ಎಲ್ಲ ಬರ್ತದೆ ಅಂತ ಹೇಳುವವನಿಗೆ ಒಂದೂ ನೆಟ್ಟಗೆ ಬರುವುದಿಲ್ಲ ಮಾರಾಯ" ಎಂದು ಮೂಗು ಮುರಿಯುತ್ತಿದ್ದರು.

ಈ ವರ್ಷ ಮೇ ತಿಂಗಳ ಸಿಡಿಲಿಗೆ ಎರಡು ಪ್ಲೇಯರುಗಳೂ ಒಟ್ಟಿಗೇ ಸುಟ್ಟುಹೋದವು. ಅಂದಿನಿಂದ ಅವರ ಹೆಂಡತಿ ಗುಲಾಬಿಯಕ್ಕನ ಎದೆಯೊಳಗೆ ಬೆಂಕಿ ಬಿದ್ದಂತಾಯಿತು.

ಕಾರಣ ಪ್ಲೇಯರ್ ಅಲ್ಲ. ಮಾರ್ಚಿನಲ್ಲಿ ಕಣ್ಣಿನ ಡಾಕ್ಟರು ಗುಲಾಬಿಯಕ್ಕನನ್ನೂ ಮಗ ಶೋಭಿತನನ್ನೂ ಮಾತ್ರ ಒಳಗೆ ಕರೆದು ಹೇಳಿದ್ದರು: ಮೋಹನದಾಸರ ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಉಳಿದ ಚೂರೂ ವರ್ಷದೊಳಗೆ ಹೋಗುತ್ತದೆ. ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದ ಗಂಡ "ಎಂತ ಹೇಳಿದರು?" ಎಂದಾಗ, "ಕಣ್ಣಿಗೆ ಮದ್ದು ಹಾಕಿದರೆ ಸರಿಯಾಗ್ತದಂತೆ" ಎಂದುಬಿಟ್ಟರು ಗುಲಾಬಿಯಕ್ಕ. ಸಂಜೆ ನಿಜ ಹೇಳಬೇಕೆಂದಿದ್ದರು. ಸಂಜೆ ನಾಳೆಯಾಯಿತು, ನಾಳೆ ಎರಡು ತಿಂಗಳಾಯಿತು. ದಿನಕ್ಕೆ ಮೂರು ಹೊತ್ತು ಆ ಕಣ್ಣಿಗೆ ಹನಿ ಬಿಡುವಾಗ, ತಾನು ಬಿಡುವುದು ಮದ್ದಲ್ಲ, ಸುಳ್ಳು ಎಂದು ಅವರಿಗೆ ಅನಿಸುತ್ತಿತ್ತು.

"ಅಪ್ಪನಿಗೆ ಆಡಿಯೋದ್ದು ಒಳ್ಳೆಯದೊಂದು ತೆಗೆದುಕೊಳ್ಳಿ ಅಮ್ಮ, ವಿಡಿಯೋ ಇನ್ನು ಎಂತಕ್ಕೆ?" ಎಂದ ಶೋಭಿತ್ ಫೋನಿನಲ್ಲಿ. ಮಾತೇನೋ ಸರಿ. ಆದರೆ ಆಡಿಯೋ ಒಂದೇ ಮನೆಗೆ ಬಂದರೆ, ಡಾಕ್ಟರು ಹೇಳಿದ್ದನ್ನು ಆ ಪೆಟ್ಟಿಗೆಯೇ ಗಂಡನಿಗೆ ಹೇಳಿಬಿಡುವುದಿಲ್ಲವೇ? ಎಲ್ಲ ಡಿಸ್ಕುಗಳನ್ನೂ ನಡೆಸುವ ಆ ಒಂದೇ ಯಂತ್ರವನ್ನು ತಂದರೆ ಯಾರೂ ಏನೂ ಹೇಳಬೇಕಾಗಿಲ್ಲ. ಹಾಗೆಂದು ನಿಶ್ಚಯಿಸಿ ಗಂಡನ ಕೈ ಹಿಡಿದು ಕೊಟ್ಟಾರದ ಟಿವಿ ಅಂಗಡಿಗೆ ಕರೆತಂದರು.

ಅಂಗಡಿಯ ರೂಪೇಶ್ ಹಳೆಯ ಪರಿಚಯದವನು. ಗುಲಾಬಿಯಕ್ಕ ಮೊದಲೇ ಫೋನ್ ಮಾಡಿ ಹೇಳಿದ್ದರಿಂದ ಯಂತ್ರವನ್ನು ತೆಗೆದೇ ಇಟ್ಟಿದ್ದ. "ಇದರಲ್ಲಿ ಎಲ್ಲ ಉಂಟು ಮೋಹನಣ್ಣ. ಸಿಡಿ, ಡಿವಿಡಿ, ಯಾವುದು ಹಾಕಿದರೂ ಓಡ್ತದೆ" ಎಂದು ಅವರನ್ನು ದೊಡ್ಡ ಟಿವಿಯ ಎದುರು ಕೂರಿಸಿ ಒಂದು ಆಟದ ಡಿಸ್ಕ್ ಹಾಕಿದ. ಸ್ಪೀಕರಿನಲ್ಲಿ ಚೆಂಡೆ ಗುಡುಗಿತು. ಅಷ್ಟರಲ್ಲಿ ಫೋನ್ ಬಂದದ್ದರಿಂದ ಅವನು ಬಾಗಿಲಿನತ್ತ ಹೋದ. ಟಿವಿಯ ಸ್ವಿಚ್ ಒತ್ತಲು ಮರೆತಿದ್ದ. ಪರದೆ ಕಪ್ಪಗೇ ಇತ್ತು.

ಮೋಹನದಾಸರು ಮುಂದಕ್ಕೆ ಬಾಗಿ ತುಂಬ ಹೊತ್ತು ನೋಡಿದರು.

"ಬಣ್ಣದ ವೇಷ ಲಾಯ್ಕ ಕಾಣ್ತದಲ್ಲ ಗುಲಾಬಿ? ಕೆಂಪು ಎಷ್ಟು ಚಂದ ಬಂದಿದೆ!"

ಗುಲಾಬಿಯಕ್ಕ ಕಪ್ಪು ಪರದೆಯನ್ನು ನೋಡಿದರು. "ಹೌದು, ಲಾಯ್ಕ ಉಂಟು. ಚುಟ್ಟಿಯೂ ಸರಿಯಾಗಿ ಕಾಣ್ತದೆ" ಎಂದರು.

ಮೋಹನದಾಸರು ಅವರತ್ತ ಮುಖ ತಿರುಗಿಸಿದರು.

"ಟಿವಿ ಹಾಕಲೇ ಇಲ್ಲ ಗುಲಾಬಿ. ಬೆಳಕು ಉಂಟೋ ಇಲ್ಲವೋ ಅಂತ ನನಗೆ ಇನ್ನೂ ಗೊತ್ತಾಗ್ತದೆ."

ಗುಲಾಬಿಯಕ್ಕ ಸೆರಗಿನ ತುದಿ ಹಿಡಿದು ನಿಂತೇ ಇದ್ದರು.

"ಡಾಕ್ಟರು ಅವತ್ತು ಬೇರೆಯೇ ಹೇಳಿದ್ದಲ್ವಾ?"

"ನೋಡಿ, ಅದು ಹಾಗಲ್ಲ..." ಎಂದು ಶುರು ಮಾಡಿದರು ಗುಲಾಬಿಯಕ್ಕ. ಎರಡು ತಿಂಗಳಿಂದ ಜೋಡಿಸಿಟ್ಟ ಸುಳ್ಳುಗಳಲ್ಲಿ ಒಂದಾದರೂ ಆ ಹೊತ್ತಿಗೆ ಒದಗಬಾರದೇ?

"ಎಷ್ಟು ಸಮಯ ಅಂತೆ?"

"ವರ್ಷದೊಳಗೆ ಅಂತೆ."

ಚೆಂಡೆ ಇನ್ನೂ ಬಡಿಯುತ್ತಿತ್ತು. ಬಯ್ದರೆ ಸಾಕಿತ್ತು, ಬಯ್ಯಲಿ ದೇವರೇ ಎಂದು ಗುಲಾಬಿಯಕ್ಕ ಕಾದರು. ಸಣ್ಣ ಚುಟ್ಟಿಗಾಗಿ ಊರೆಲ್ಲ ಜಗಳ ಮಾಡಿದ ಮನುಷ್ಯ ಈಗ ತೊಡೆಯ ಮೇಲಿದ್ದ ಕೈಗಳನ್ನು ಒಮ್ಮೆ ಉಜ್ಜಿಕೊಂಡು, ಸ್ವಲ್ಪ ಜೋರಾಗಿಯೇ ರೂಪೇಶನನ್ನು ಕರೆದರು.

"ಇದು ಬೇಡ. ಕೇಳುವಂಥದ್ದು ಒಂದು ಮಾತ್ರ ಕೊಡು. ಬಟನ್ ಕೈಗೆ ಸಿಗುವ ಹಾಗಿನದ್ದು ಉಂಟಾ?"

ರೂಪೇಶನ ಮುಖ ಬಾಡಿತು. ಅವನು ಗುಲಾಬಿಯಕ್ಕನನ್ನು ನೋಡಿದ, ಅವರು ನೆಲ ನೋಡಿದರು. ಮತ್ತೆ ಏನೂ ಕೇಳದೆ ಒಳಗಿನಿಂದ ಆಡಿಯೋ ಪ್ಲೇಯರೊಂದನ್ನು ತಂದು ಮೇಜಿನ ಮೇಲಿಟ್ಟ. ಮೋಹನದಾಸರ ತೋರುಬೆರಳು ಹಿಡಿದು, "ಇದು ಆನ್, ಇದು ಪ್ಲೇ, ಇದು ನಿಲ್ಲಿಸಲಿಕ್ಕೆ" ಎಂದು ಒಂದೊಂದರ ಮೇಲೂ ಇಟ್ಟು ತೋರಿಸಿದ.

ಮೋಹನದಾಸರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. "ಈಗ ನಾನೇ ಮಾಡ್ತೇನೆ" ಎಂದು ಮೊದಲಿನಿಂದ ತಡವಲು ಶುರು ಮಾಡಿದರು.