ನೆರಳಿನ ತುದಿಯಲ್ಲಿ ಹೂತಿಟ್ಟ ಕೀ

ನಮ್ಮ ಮನೆಯಲ್ಲಿ ಚಿಂತೆ ಮಾಡುವ ಖಾತೆ ಮೊದಲಿನಿಂದಲೂ ನನ್ನದೇ. ಈಗಲೂ ಊರಿಗೆ ಹೊರಟರೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮೂರು ಸಲ ಒಳಗೆ ಹೋಗಿ ನೋಡುತ್ತೇನೆ. ಮೂರನೆಯ ಸಲ ಹೊರಗೆ ಬರುವಾಗ ಬಾಗಿಲಿಗೆ ಬೀಗ ಹಾಕಲು ಮರೆಯುತ್ತೇನೆ. ಗಂಡ, ಮಕ್ಕಳು ನಗುತ್ತಾರೆ. ನಗಲಿ. ಬಹರೈನಿನ ಆ ಶುಕ್ರವಾರದ ಕತೆಯನ್ನು ನಾನು ಅವರಿಗೆ ಪೂರ್ತಿ ಹೇಳಿಲ್ಲ.

ಎಂಬತ್ತರ ದಶಕದ ಶುರು. ನನಗೆ ಹತ್ತು ವರ್ಷ, ತಮ್ಮನಿಗೆ ಆರು. ಅಪ್ಪ ಒಂದು ಸಣ್ಣ ಕಂಪನಿಯಲ್ಲಿ ಎ.ಸಿ. ಮೆಕ್ಯಾನಿಕ್, ಡ್ರೈವರ್ ರಜೆಯಲ್ಲಿ ಊರಿಗೆ ಹೋದರೆ ಡ್ರೈವರ್ ಕೂಡ. ಆ ವಾರ ಅರ್ಬಾಬ್, ಅಂದರೆ ಅಪ್ಪನ ಧಣಿ, ಕುವೈತಿಗೆ ಹೋಗಿದ್ದ. ಹೋಗುವಾಗ ತನ್ನ ದೊಡ್ಡ ಬಿಳಿ ಕಾರಿನ ಕೀಯನ್ನು ಅಪ್ಪನ ಕೈಗೆ ಕೊಟ್ಟು, ಶುಕ್ರವಾರ ಸಂಜೆ ನಾಲ್ಕೂವರೆಗೆ ಏರ್‌ಪೋರ್ಟಿಗೆ ಬಾ ಎಂದಿದ್ದ. ಮರುಭೂಮಿಗೆ ಹೋಗು ಎಂದು ಹೇಳಿರಲಿಲ್ಲ. ಹೋಗಬೇಡ ಎಂದೂ ಹೇಳಿರಲಿಲ್ಲ. ಈ ಎರಡನೆಯ ಮಾತನ್ನು ಹಿಡಿದುಕೊಂಡು ಅಪ್ಪ ಹೊರಟರು.

"ಕಂಪನಿಯ ಪಿಕಪ್‌ನಲ್ಲಿ ದೋಸ್ತಿಗಳನ್ನು ಸುತ್ತಾಡಿಸಿದ್ದಕ್ಕೆ ಆ ಪ್ಲಂಬರನ್ನು ಎಂತ ಮಾಡಿದ್ರು, ನೆನಪುಂಟಲ್ಲ?" ಎಂದರು ಅಮ್ಮ. ಪ್ಲಂಬರ್ ಕೆಲಸ ಹೋಗಿ ಒಂದೇ ವಾರದಲ್ಲಿ ಮಂಗಳೂರಿನಲ್ಲಿದ್ದ.

"ಮೂರು ಗಂಟೆಗೆ ವಾಪಸ್ ಹೊರಡುವುದು. ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ? ಮಕ್ಕಳಿಗೆ ಶಾಲೆಗೆ ರಜೆ ಸಿಕ್ಕಿ ಹತ್ತು ದಿನ ಆಯ್ತು, ಈ ಸಲ್ಮಾನಿಯಾದ ಫ್ಲ್ಯಾಟಿನ ಗೋಡೆ ಬಿಟ್ಟು ಬೇರೆ ಎಂತ ನೋಡಿದ್ದಾರೆ?"

ಪ್ಲಂಬರಿನ ಕತೆ ಅವರಿಬ್ಬರ ನಡುವೆ ಅಲ್ಲಿಗೇ ಮುಗಿಯಿತು. ಹಿಂದಿನ ಸೀಟಿನಲ್ಲಿ ಕೂತಿದ್ದ ನಾನು ಮಾತ್ರ ಸಖೀರ್ ಮರುಭೂಮಿ ಮುಟ್ಟುವವರೆಗೂ ಪ್ಲಂಬರಿನ ಜಾಗದಲ್ಲಿ ಅಪ್ಪನನ್ನು ಇಟ್ಟು ನೋಡುತ್ತಲೇ ಇದ್ದೆ.

ಎಣ್ಣೆ ಪಂಪುಗಳು ತಲೆಯಾಡಿಸುವ ಜಾಗವನ್ನೂ ದಾಟಿ, ಗಟ್ಟಿ ನೆಲ ನೋಡಿ ಅಪ್ಪ ಕಾರು ನಿಲ್ಲಿಸಿದರು. ಡಿಸೆಂಬರಿನ ಬಿಸಿಲು ಹಿತವಾಗಿತ್ತು, ಗಾಳಿ ಮಾತ್ರ ಜೋರು. ಅಮ್ಮ ಕಾರಿನ ನೆರಳಲ್ಲಿ ಚಾಪೆ ಹಾಕಿ, ಹನ್ನೊಂದೂವರೆಗೇ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ತಮ್ಮ ಮೊದಲ ತುತ್ತಿಗೇ ತಟ್ಟೆಯನ್ನು ಚಾಪೆಯಂಚಿನ ಮರಳಿಗೆ ಮಗುಚಿದ.

"ನೆಲಕ್ಕೆ ಬಡಿಸ್ಲಿಕ್ಕೆ ನಾನು ಐದು ಗಂಟೆಗೆ ಎದ್ದದ್ದಾ?" ಎಂದು ಅಮ್ಮ ಬೈದರು.

ಊಟದ ಮೇಲೆ ಅಪ್ಪ ಜೇಬಿನಿಂದ ಮೂರು ಚೀಟಿ ತೆಗೆದರು. ಒಬ್ಬೊಬ್ಬರಿಗೆ ಒಂದೊಂದು, ಅವರವರಿಗೆಂದೇ ಬರೆದದ್ದು. ಅದರಲ್ಲಿದ್ದದ್ದನ್ನು ಹುಡುಕಿ ತಂದು ಗೆರೆ ಎಳೆಯಬೇಕು. ತಮ್ಮನಿಗೆ ಮೂರು ಬಣ್ಣದ ಮರಳು, ಓತಿಯ ಬಾಲದ ಗುರುತು, ಹೀಗೆ. ಅಮ್ಮನ ಚೀಟಿಯಲ್ಲಿ ಒಂದೇ ಸಾಲು: "ಒಂದು ಗಂಟೆ ಹೊತ್ತು ಯಾವ ಕೆಲಸವನ್ನೂ ಹುಡುಕಬಾರದು." ಅಮ್ಮ ಅದನ್ನು ಓದಿ, ಮಡಿಸಿ, ಡಬ್ಬಿ ತೊಳೆಯಲು ಎದ್ದರು.

ನನ್ನದರಲ್ಲಿ ಐದು ಇತ್ತು. ಬಿಳಿ ಕಲ್ಲು, ಮುಳ್ಳಿನ ಕಡ್ಡಿ, ಕಡಲ ಚಿಪ್ಪು, ಹಕ್ಕಿಯ ಪುಕ್ಕ. ಐದನೆಯದು: "ಹಿಂದೆ ತಿರುಗಿ ನೋಡದೆ ನೂರು ಹೆಜ್ಜೆ ನಡೆ. ಅಲ್ಲಿ ಕಾಲ ಬುಡದಲ್ಲಿ ಇದ್ದದ್ದನ್ನು ತಾ." ಅಪ್ಪನಿಗೆ ನನ್ನ ರೋಗ ಗೊತ್ತಿತ್ತು.

ನಾಲ್ಕನ್ನೂ ನಾನು ಕಾರಿನ ಸುತ್ತಮುತ್ತಲೇ ಹುಡುಕಿ, ಹಿಂದಿನ ಸೀಟಿನಲ್ಲಿ ಕೂತು ಪೆನ್ಸಿಲಿನಿಂದ ಗೆರೆ ಎಳೆದು, ಚೀಟಿಯನ್ನು ಸೀಟಿನ ಸಂದಿಗೆ ಸಿಕ್ಕಿಸಿದೆ. ಐದನೆಯದಕ್ಕೆ ಹೊರಡಬೇಕು ಎನ್ನುವಾಗ ಅಪ್ಪನ ಕಡೆ ನೋಡಿದೆ. ಮುಖದ ಮೇಲೆ ಟವೆಲ್ ಹಾಕಿ ಮಲಗಿದ್ದರು. ಕೀ ಚಾಪೆಯ ಅಂಚಿನಲ್ಲಿ ಬಿದ್ದಿತ್ತು. ತಮ್ಮ ಅಲ್ಲೇ ಕಾಲಿನಿಂದ ಮರಳು ಎರಚುತ್ತಿದ್ದ. ಇವನು ಒದ್ದು ಅದು ಮರಳಲ್ಲಿ ಹೋದರೆ? ಕಾರು ಇಲ್ಲೇ, ಅರ್ಬಾಬ್ ಅಲ್ಲಿ, ನಾವು ಮಂಗಳೂರಲ್ಲಿ.

ಎತ್ತಿಕೊಂಡೆ. ನನ್ನ ಫ್ರಾಕಿಗೆ ಜೇಬಿರಲಿಲ್ಲ. ಕೈಯಲ್ಲಿ ಹಿಡಿದು ನೂರು ಹೆಜ್ಜೆ ಹೋದರೆ ದಾರಿಯಲ್ಲಿ ಬೀಳಬಹುದು. ಅಪ್ಪನನ್ನು ಎಬ್ಬಿಸಿ ಕೊಡಬಹುದಿತ್ತು ಎಂದು ನಿಮಗೆ ಹೊಳೆಯುತ್ತದೆ. ನನಗೆ ಹೊಳೆದದ್ದು ಬ್ಯಾಂಕಿನ ಲಾಕರ್. ಕಾರಿನ ಆಂಟೆನಾದ ನೆರಳು ಕಡ್ಡಿಯ ಹಾಗೆ ನೆಲದ ಮೇಲೆ ಬಿದ್ದಿತ್ತು. ಸರಿಯಾಗಿ ಅದರ ತುದಿಯಲ್ಲಿ, ಚಾಪೆಯಿಂದ ಒಂದು ಮೊಳ ದೂರದಲ್ಲಿ, ಕೀ ಹೂತು ಮೇಲೆ ಮರಳು ಸವರಿದೆ. ಕಲ್ಲು ಇಟ್ಟರೆ ತಮ್ಮನಿಗೆ ಗೊತ್ತಾಗುತ್ತದೆಂದು ಅದನ್ನೂ ಇಡಲಿಲ್ಲ. ಆಮೇಲೆ ನಡೆಯಲು ಹೊರಟು, ಇಪ್ಪತ್ತೆರಡನೆಯ ಹೆಜ್ಜೆಗೆ ತಿರುಗಿ ನೋಡಿ, ವಾಪಸ್ ಬಂದು ಕಾರಿನ ಬಾಗಿಲಿಗೆ ಒರಗಿ ನಿದ್ದೆ ಹೋದೆ.

"ಕೀ ಎಲ್ಲಿ?" ಎಂಬ ಮಾತಿಗೆ ಎಚ್ಚರವಾಯಿತು. ಅಪ್ಪನ ಗಡಿಯಾರದಲ್ಲಿ ಎರಡೂವರೆ.

ನಾನು ನಿರಾಳವಾಗಿ ಎದ್ದು, ಆಂಟೆನಾ ನೆರಳಿನ ತುದಿಗೆ ಹೋಗಿ ಕೈ ಹಾಕಿದೆ. ಮರಳು. ಇನ್ನೂ ಆಳಕ್ಕೆ ಕೆರೆದೆ. ಬರೀ ಮರಳು. ಬೆನ್ನ ಹಿಂದೆ ಅಪ್ಪ ಪ್ಯಾಂಟಿನ ಜೇಬು ಹೊರಗೆಳೆಯುತ್ತಿದ್ದರು, ಅಮ್ಮ ಚಾಪೆ ಕೊಡವುತ್ತಿದ್ದರು.

"ನೀವೇ ಕಾರಿನೊಳಗೆ ಬಿಟ್ಟಿರಾ ಎಂತ?"

"ಒಳಗೆ ನೋಡಿ ಆಯ್ತು! ಚಾಪೆಯ ಮೇಲೆ ಇಟ್ಟಿದ್ದೆ ನಾನು."

"ಹಾಗಾದರೆ ಓತಿ ಕಾರು ಬಿಡ್ಲಿಕ್ಕೆ ತೆಗೊಂಡು ಹೋಯ್ತಾ?"

ಅಪ್ಪ ನಗಲಿಲ್ಲ. ರಸ್ತೆಯ ಕಡೆ ನೋಡಿದರು. ಒಂದು ವಾಹನವೂ ಇಲ್ಲ. ಅವರ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು, ಡಿಸೆಂಬರಿನಲ್ಲಿ. ಹೇಳಬೇಕು ಎಂದು ಬಾಯಿ ತೆರೆದೆ. ಮೊದಲು ಸಿಗಲಿ, ಆಮೇಲೆ ಹೇಳೋಣ ಎಂದು ಮುಚ್ಚಿದೆ. ಕೆರೆದೆ. ಮೂರೂಕಾಲು.

ಅಪ್ಪ ಚಾಪೆ ಇದ್ದಲ್ಲಿ ಮೊಣಕಾಲೂರಿ, ಎರಡೂ ಕೈಯಿಂದ ಮರಳು ಜಾಲಾಡತೊಡಗಿದರು. ಅಪ್ಪ ಹಾಗೆ ನಾಲ್ಕು ಕಾಲಲ್ಲಿ ಇರುವುದನ್ನು ನಾನು ಎಂದೂ ನೋಡಿರಲಿಲ್ಲ.

"ಅಪ್ಪ," ಎಂದೆ. "ನಾನೇ ಇಟ್ಟದ್ದು. ನೆರಳಿನ ತುದಿಯಲ್ಲಿ. ಯಾರೋ ತೆಗೆದಿದ್ದಾರೆ."

ಅಪ್ಪ ನಾನು ಕೆರೆದ ಗುಂಡಿಯನ್ನು ನೋಡಿದರು, ನೆರಳನ್ನು ನೋಡಿದರು, ಕೊನೆಗೆ ಆಕಾಶವನ್ನು.

"ಯಾವಾಗ ಇಟ್ಟದ್ದು?"

"ಊಟ ಆದ ಮೇಲೆ."

"ಊಟ ಆದ ಮೇಲೆ ನೆರಳು ಅಲ್ಲೇ ಕೂತಿರ್ತದಾ ಮಗಾ, ನಿನಗೆ ಕೀ ಕಾಯ್ಲಿಕ್ಕೆ?"

ಫ್ಲ್ಯಾಟಿನಲ್ಲಿ ಬೆಳೆದ ಹುಡುಗಿ ನಾನು. ಸೂರ್ಯ ಸರಿಯುತ್ತಾನೆ ಎಂದು ವಿಜ್ಞಾನದ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದೆ. ಅದು ಕಾರಿನ ಆಂಟೆನಾಗೂ ಅನ್ವಯಿಸುತ್ತದೆಂದು ಯಾರೂ ಹೇಳಿರಲಿಲ್ಲ.

"ಚಾಪೆ ಎಲ್ಲಿತ್ತು ಆಗ?" ಎಂದರು ಅಪ್ಪ.

ಅಮ್ಮ ನೆರಳು ಸರಿದ ಹಾಗೆ, ನಿದ್ದೆಗಣ್ಣಿನ ಅಪ್ಪನನ್ನು ಸರಿಸಿ, ಚಾಪೆಯನ್ನು ಎರಡು ಸಲ ಎಳೆದಿದ್ದರು. ಗಾಳಿ ಅದರ ಗುರುತನ್ನೆಲ್ಲ ಒರೆಸಿತ್ತು. ಅಮ್ಮ ಸೊಂಟಕ್ಕೆ ಕೈ ಕೊಟ್ಟು ಸುತ್ತ ನೋಡಿದರು. ಆಮೇಲೆ ನೆಲ ನೋಡುತ್ತಾ ಕಾರಿನ ಉದ್ದಕ್ಕೂ ನಡೆದು, ಒಂದು ಕಡೆ ಬಗ್ಗಿದರು.

"ಇಕೊಳ್ಳಿ, ನಿಮ್ಮ ಮಗನ ಚಿತ್ರಾನ್ನ."

ಮರಳಲ್ಲಿ ಹಳದಿ ಅನ್ನದ ಕಾಳು. ಅಲ್ಲಿಂದ ಒಂದು ಮೊಳ ಅಳೆದು ಅಪ್ಪ ಕೈ ಹಾಕಿದರು. ಎರಡನೆಯ ಸಲಕ್ಕೆ ಕೀ ಬಂತು. ಮೂರೂವರೆ.

ನಮ್ಮನ್ನು ಮನೆಯಲ್ಲಿ ಇಳಿಸಲು ಹೊತ್ತಿರಲಿಲ್ಲ. ಚಲಿಸುವ ಕಾರಿನೊಳಗೆ ಅಮ್ಮ ಒದ್ದೆ ಟವೆಲಿನಿಂದ ಸೀಟು ಒರೆಸಿದರು, ನಾನು ಕಾಲಡಿಯ ಮರಳನ್ನು ಅಂಗೈಯಲ್ಲಿ ಎತ್ತಿ ಕಿಟಕಿಯಿಂದ ಚೆಲ್ಲಿದೆ. ಏರ್‌ಪೋರ್ಟಿನ ಹತ್ತಿರ ಅಪ್ಪ ನಮ್ಮನ್ನು ಚಾಪೆ, ಡಬ್ಬಿ ಸಮೇತ ರಸ್ತೆ ಬದಿ ಇಳಿಸಿ ಮುಂದೆ ಹೋದರು. ದೂರದಿಂದ ಕಂಡಿತು: ಬಿಳಿ ನಿಲುವಂಗಿಯ ಅರ್ಬಾಬ್ ಬಂದ, ಹಿಂದಿನ ಬಾಗಿಲು ತೆಗೆದ, ಕೂರುವ ಮೊದಲು ಬಗ್ಗಿ ಸೀಟಿನಿಂದ ಏನನ್ನೋ ಎತ್ತಿಕೊಂಡ. ಅಮ್ಮ ನನ್ನ ಭುಜ ಹಿಡಿದರು. ಕಾರು ಹೊರಟಿತು.

ಆಗ ನೆನಪಾಯಿತು. ನನ್ನ ಚೀಟಿ.

ಟ್ಯಾಕ್ಸಿಯಲ್ಲಿ ಮನೆಗೆ ಬಂದು ನಾವು ಮೂವರೂ ಬಾಗಿಲು ನೋಡುತ್ತಾ ಕೂತೆವು. ಅಪ್ಪ ಬಂದವರೇ ಚೀಟಿಯನ್ನು ಮೇಜಿನ ಮೇಲಿಟ್ಟರು.

"ಇದೆಂತ ಅಂತ ಕೇಳಿದ. ಎ.ಸಿ.ಯ ಸ್ಪೇರ್ ಪಾರ್ಟ್ ಪಟ್ಟಿ ಅಂದೆ."

"ಮತ್ತೆ?"

"ಮತ್ತೆ ಎಂತ? ಕನ್ನಡ ಅವನಿಗೆ ಬರ್ತದಾ? ಗೆರೆ ಎಳೆದದ್ದು ಲೆಕ್ಕ ಮಾಡಿದ. ಮನೆ ಮುಟ್ಟಿ ಇಳಿಯುವಾಗ ನನ್ನ ಕೈಗೆ ಕೊಟ್ಟು, 'ಏಕ್ ಬಾಕಿ ಹೈ. ಅಗಲೇ ಜುಮ್ಮಾ ಖತಮ್ ಕರೋ' ಅಂದ." ಒಂದು ಬಾಕಿ ಉಂಟು, ಬರುವ ಶುಕ್ರವಾರ ಮುಗಿಸು.

"ಅವನಿಗೆ ಗೊತ್ತಾಗಿದೆ," ಎಂದರು ಅಮ್ಮ. "ಹೋಗಿ ಬಾ ಅಂತ ಹೇಳಿದ್ದು."

"ಇಲ್ಲ ಮಾರಾಯ್ತಿ. ಪಾರ್ಟ್ ತರ್ಲಿಕ್ಕೆ ಹೇಳಿದ್ದು."

ಮುಂದಿನ ಶುಕ್ರವಾರ ನಾವು ಎಲ್ಲಿಗೂ ಹೋಗಲಿಲ್ಲ. ಅಪ್ಪ ಇಡೀ ದಿನ ವರ್ಕ್‌ಶಾಪಿನಲ್ಲಿ ಕೂತು, ಏನೂ ಆಗದ ಆ ಕಾರಿನ ಎ.ಸಿ. ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದರಂತೆ. ಅರ್ಬಾಬ್ ಬಂದು ನೋಡಿ ಹೋದನಂತೆ. ಕೆಲಸ ಉಳಿಯಿತು; ಅಪ್ಪ ಅಲ್ಲಿ ಇನ್ನೂ ಎಷ್ಟೋ ವರ್ಷ ದುಡಿದರು. ಆದರೆ ಆ ಮನುಷ್ಯ ಹೇಳಿದ್ದು ಎ.ಸಿ. ಪಾರ್ಟಿನ ಬಾಕಿಯೋ, ನನ್ನ ನೂರು ಹೆಜ್ಜೆಯ ಬಾಕಿಯೋ ಎಂದು ನಾನು ಇವತ್ತಿಗೂ, ಗ್ಯಾಸ್ ನೋಡಿ ಬರುವ ಮಧ್ಯೆ ಮಧ್ಯೆ, ಯೋಚಿಸುತ್ತಿರುತ್ತೇನೆ.