ದೊಡ್ಡಪ್ಪನ ನಂಬರು

ನಮ್ಮ ಮನೆಯ ಹೆಣ್ಣುಮಕ್ಕಳು ಹೊರಗಿನವರಿಗೆ ತಮ್ಮ ಫೋನ್ ನಂಬರ್ ಕೊಡೋದಿಲ್ಲ. ಗ್ಯಾಸಿನವನು ಕೇಳಲಿ, ಬ್ಯಾಂಕಿನವಳು ಕೇಳಲಿ, ಸಂತೆಯಲ್ಲಿ ಮಿಕ್ಸಿ ಲಕ್ಕಿ ಡ್ರಾ ಅಂತ ಚೀಟಿ ಹಿಡಿದು ನಿಂತವನು ಕೇಳಲಿ, ಬಾಯಿಗೆ ಬರೋದು ಒಂದೇ ನಂಬರು, ದೊಡ್ಡಪ್ಪನದು. ಅಪ್ಪ ತೀರಿಕೊಂಡ ಮೇಲೆ ನಮಗೆ ಹಿರಿಯರು ಅಂತ ಉಳಿದಿರೋದು ಅಪ್ಪನ ಅಣ್ಣ, ಅವರೊಬ್ಬರೇ. ಕುದಾಪುರದ ಆಚೆ ಒಂದು ಹಟ್ಟಿಯಲ್ಲಿ ಕುರಿ ಸಾಕಿಕೊಂಡಿದ್ದಾರೆ. ಕಾವಲಿನ ಹುಲ್ಲುಬಯಲಲ್ಲಿ ಕುರಿ ಹಿಂದೆ ನಿಂತ ಮನುಷ್ಯನ ಫೋನಿಗೆ ನನ್ನ ಸಿಲಿಂಡರ್ ಬಂತು, ಅವ್ವನ ಪಿಂಚಣಿ ಬಂತು ಅನ್ನೋ ಮೆಸೇಜೆಲ್ಲ ಹೋಗಿ ಬೀಳುತ್ತವೆ. ಅವರಿಗೆ ಓದಲು ಬರೋದಿಲ್ಲ, ಹಾಗಾಗಿ ಅವು ಬಿದ್ದಲ್ಲೇ ಬಿದ್ದಿರುತ್ತವೆ. ಕರೆ ಬಂದರೆ ಮಾತ್ರ ತಪ್ಪದೆ ಎತ್ತುತ್ತಾರೆ. ಎತ್ತಿ, ಆ ಕಡೆ ಯಾರೇ ಇರಲಿ, "ಉಂಡ್ರಾ?" ಅಂತ ಕೇಳಿದ ಮೇಲೆಯೇ ಮುಂದಿನ ಮಾತು.

ಇದರಲ್ಲಿ ತಪ್ಪೇನಿದೆ ಅಂತ ನಮಗೆ ಯಾವತ್ತೂ ಅನ್ನಿಸಿರಲಿಲ್ಲ. ಹೆಣ್ಣುಮಕ್ಕಳ ನಂಬರು ಕಂಡಕಂಡವರ ಕೈಗೆ ಸಿಗಬಾರದು, ಅಷ್ಟೇ ನಮ್ಮ ಲೆಕ್ಕ.

ನನ್ನದು ಚಳ್ಳಕೆರೆ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಟೈಲರಿಂಗ್ ಅಂಗಡಿ. ಬ್ಲೌಸು, ಫಾಲು, ಜಿಗ್‌ಜಾಗು. ಅವ್ವ ನನ್ನ ಜೊತೆಗೇ ಇದ್ದಾಳೆ. ತಂಗಿ ಇದ್ದದ್ದು ಮೊಳಕಾಲ್ಮೂರಿನಲ್ಲಿ. ಅವಳ ಗಂಡ ಕುಡಿದು ಕುಡಿದೇ ಸತ್ತ. ಆಮೇಲೂ ಅವಳು ಊರು ಬಿಡಲಿಲ್ಲ, ಬಾಡಿಗೆ ಕೋಣೆ ಹಿಡಿದು ಯಾರದೋ ಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದುಕೊಂಡು ಉಳಿದಳು. ಹೀಗಿರುವಾಗ, ಕುದಾಪುರದ ಹತ್ತಿರ ಎದ್ದಿವೆಯಲ್ಲ ದೊಡ್ಡ ದೊಡ್ಡ ಸಂಶೋಧನೆ ಕ್ಯಾಂಪಸ್ಸುಗಳು, ಅವುಗಳಲ್ಲೊಂದರ ಕ್ಯಾಂಟೀನಿಗೆ ತರಕಾರಿ ಹಾಕುವ ವ್ಯಾನಿನವರೊಬ್ಬರು ಅವಳನ್ನು ಮದುವೆಗೆ ಕೇಳಿದರು. ಅವರಿಗೂ ಹೆಂಡತಿ ಇಲ್ಲ, ತೀರಿಕೊಂಡಿದ್ದಾರೆ. ತಂಗಿಗೆ ಮನಸ್ಸಿತ್ತು. ಅದನ್ನು ನನ್ನ ಹತ್ತಿರ ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು. ಅವರ ಕಡೆಯವರದು ಒಂದೇ ಮಾತು: "ನಿಮ್ಮ ಹಿರಿಯರು ಬಂದು ಕೂತು ಎಲೆ-ಅಡಿಕೆ ತಗೊಂಡ್ರೆ ಆತು. ಅವರಿಲ್ದೆ ನಾವು ಮುಂದಕ್ಕೆ ಹೋಗಲ್ರಿ."

ಹಿರಿಯರು ಅಂದರೆ ಮತ್ತೆ ದೊಡ್ಡಪ್ಪನೇ. ಆದರೆ ದೊಡ್ಡಪ್ಪನಿಗೆ ಇಂಥ ಸುದ್ದಿ ಹೇಳೋದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ಹುಡುಗಿಯ ತಾಯಿಯೇ ಹಟ್ಟಿಗೆ ಹೋಗಬೇಕು. ಕಂಬಳಿ ಹಾಸಿ, ಹಿರಿಯರನ್ನು ಅದರ ಮೇಲೆ ಕೂರಿಸಿ, ಬೆಲ್ಲ, ಎಲೆ-ಅಡಿಕೆ ಮುಂದಿಟ್ಟು ಬಾಯಿ ಬಿಡಬೇಕು. ಅದಕ್ಕಿಂತ ಮುಂಚೆ ಹೊರಗಿನವರ ಬಾಯಿಂದ ಹೋಯಿತೋ, ಮಾತು ಎಂಜಲಾಯಿತು ಅಂತ ಎದ್ದು ಹೋಗಿಬಿಡುತ್ತಾರೆ. ಅದರ ಮೇಲೆ ಇದು ಗಂಡ ಸತ್ತವಳ ಎರಡನೇ ಮದುವೆ. ಹಿಂದೆಲ್ಲ ಇಂಥದಕ್ಕೆ ಚಪ್ಪರವಿಲ್ಲ, ವಾಲಗವಿಲ್ಲ. ಒಂದು ಸೀರೆ ಉಡಿಸಿ ಕಳಿಸೋದು, ಅದಕ್ಕೆ ಉಡಿಕೆ ಅನ್ನೋರು. ದೊಡ್ಡಪ್ಪ ಏನಂತಾರೋ ಅನ್ನೋ ಭಯ ನಮಗೆಲ್ಲ ಇದ್ದೇ ಇತ್ತು. ಅಮಾವಾಸ್ಯೆ ಕಳೆಯಲಿ, ಆಮೇಲೆ ಹೋಗ್ತೀನಿ ಅಂತ ಅವ್ವ ಅಂದಳು. ಅಲ್ಲಿವರೆಗೂ ಯಾರೂ ಉಸಿರು ಬಿಡಕೂಡದು ಅಂತ ತಾಕೀತು.

ನಾವು ಯಾರೂ ಉಸಿರು ಬಿಡಲಿಲ್ಲ ಸ್ವಾಮಿ. ಬಿಟ್ಟದ್ದು ಒಂದು ವೆಬ್‌ಸೈಟು.

ತಂಗಿ ಒಂದು ದಿನ ಅಂಗಡಿಗೆ ಬಂದಿದ್ದಳು. ನಾನು ಯಾರದೋ ಬ್ಲೌಸಿಗೆ ತೋಳು ಕೂರಿಸುತ್ತಿದ್ದೆ, ಅವಳು ನನ್ನ ಫೋನು ಹಿಡಿದು ಕೂತಿದ್ದಳು. ಬೆಂಗಳೂರಿನ ಯಾವುದೋ ಕಂಪನಿ, ಮೊಳಕಾಲ್ಮೂರು ಸೀರೆ ಮಾರುತ್ತದಂತೆ. "ಅಕ್ಕ, ಈ ಅಂಚು ನೋಡು, ಇದು ನಾನು ನೇಯ್ದಿದ್ದಾ ಅಂತ," ಅಂದಳು. ನನಗೆ ಸಿಟ್ಟೇ ಬಂತು. "ಲೇ, ಮೊಳಕಾಲ್ಮೂರಿನೋಳು ಮೊಳಕಾಲ್ಮೂರು ಸೀರೆ ನೋಡಾಕೆ ಬೆಂಗಳೂರಿಗೆ ಹೋಗ್ತೀಯಾ?" ಅಂದೆ. ಅವಳು ತಲೆ ಎತ್ತದೆ ಹೇಳಿದಳು, "ಮಗ್ಗದಿಂದ ಇಳಿಸಿದ ಮೇಲೆ ಯಜಮಾನ್ರು ಮಡಿಸಿ ಒಯ್ತಾರೆ. ಉಟ್ಟರೆ ಹೆಂಗೆ ಕಾಣ್ತದೆ ಅಂತ ನಾನು ಎಲ್ಲಿ ನೋಡ್ತೀನಿ?"

ಬೆಲೆ ನೋಡಬೇಕಂದರೆ ಆ ವೆಬ್‌ಸೈಟು ಸುಮ್ಮನೆ ತೋರಿಸೋದಿಲ್ಲ. ಹೆಸರು ಹಾಕು, ಊರು ಹಾಕು, ಯಾವ ಸಮಾರಂಭ, ಮದುವೆ ಯಾರದು, ಯಾವ ತಿಂಗಳು, ಎಲ್ಲ ಹಾಕು. ಅಮ್ಮಾ ತಾಯಿ, ಹುಡುಗಿ ನೋಡೋಕೆ ಬಂದವರೂ ಇಷ್ಟು ಕೇಳಿರಲಿಲ್ಲ! ಇವಳೋ, ಪಾಪ, ಯಾರೂ ಕೇಳದ್ದನ್ನು ಯಾರೋ ಕೇಳ್ತಿದ್ದಾರಲ್ಲ ಅನ್ನೋ ಖುಷಿಯಲ್ಲಿ ಎಲ್ಲವನ್ನೂ ತುಂಬಿದಳು. ಫೋನ್ ನಂಬರ್ ಅನ್ನೋ ಜಾಗ ಬಂದಾಗ ಮಾತ್ರ ಬುದ್ಧಿವಂತೆ ಆದಳು. ತನ್ನದು ಹಾಕಲಿಲ್ಲ, ನನ್ನದೂ ಹಾಕಲಿಲ್ಲ. ಬೆರಳು ತಾನಾಗಿ ದೊಡ್ಡಪ್ಪನ ನಂಬರ್ ಒತ್ತಿಬಿಟ್ಟಿತ್ತು. ನಾನೂ ಅಲ್ಲೇ ಕೂತಿದ್ದವಳು "ಹ್ಞೂ, ನಿನ್ನದು ಹಾಕ್ಬೇಡ" ಅಂತ ಬೇರೆ ಅಂದೆ. ಯಾರಿಗೆ ತಿಳಿಯಬಾರದು ಅಂತ ಮನೆ ಮಂದಿಯೆಲ್ಲ ಬಾಯಿ ಮುಚ್ಚಿಕೊಂಡಿದ್ದೆವೋ, ಅವರ ಕಿವಿಗೇ ನೇರವಾಗಿ ಮುಟ್ಟುವ ದಾರಿ ಮಾಡಿಕೊಟ್ಟಿದ್ದೆವು.

ಮಾರನೇ ದಿನ ಬೆಳಿಗ್ಗೆ ಅವ್ವನಿಗೆ ದೊಡ್ಡಪ್ಪನ ಫೋನು ಬಂತು. ಉಂಡ್ರಾ ಅಂತಲೂ ಕೇಳಲಿಲ್ಲ. "ನಿನ್ನ ಮಗಳ ಮದುವೆಗೆ ಸೀರೆ ಎಂಥದ್ದು ಬೇಕು ಅಂತ ಕಂಪ್ನಿಯವ್ರು ಕೇಳ್ತಿದಾರೆ. ನಂಗೇನು ಗೊತ್ತು? ನೀನೇ ಹೇಳ್ಕೊ," ಅಂದು ಇಟ್ಟುಬಿಟ್ಟರು. ಅವ್ವ ಕೂಡಲೇ ತಿರುಗಿ ಮಾಡಿದಳು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅಮಾವಾಸ್ಯೆ ಕಳೆದ ಮೇಲೆ ಕಂಬಳಿ, ಬೆಲ್ಲ ಹಿಡಿದು ಹಟ್ಟಿಗೆ ಹೋಗಿ, ಅವಳೇ ಮೆಚ್ಚಿದ ಗಂಡು ಅಂತ ಅವ್ವ ಬಾಯಿ ಬಿಡುವಷ್ಟರಲ್ಲಿ ದೊಡ್ಡಪ್ಪ ಕುರಿ ಹೊಡೆದುಕೊಂಡು ಆ ಕಡೆ ಹೊರಟೇಹೋದರಂತೆ. ವ್ಯಾನಿನವರ ಕಡೆಯವರು ಕಾಯುತ್ತೀವಿ ಅಂದರು, ಆದರೆ ಎಷ್ಟು ದಿನ ಅಂತ ಹೇಳಲಿಲ್ಲ. ತಂಗಿ ಮೊಳಕಾಲ್ಮೂರಿಗೆ ವಾಪಸ್ ಹೋಗಿ ಮಗ್ಗದ ಮುಂದೆ ಕೂತಳು. ಫೋನ್ ಮಾಡಿದರೆ ಹ್ಞೂ, ಹ್ಞಾಂ ಬಿಟ್ಟರೆ ಮಾತಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಸೀರೆಯವರಾದ ಮೇಲೆ ಕಲ್ಯಾಣ ಮಂಟಪದವರು, ಅವರಾದ ಮೇಲೆ ಅಡುಗೆಯವರು, ಒಡವೆಯವರು, ಒಡವೆಗೆ ಸಾಲ ಕೊಡುವವರು, ಫೋಟೋದವರು, ಎಲ್ಲರೂ ದೊಡ್ಡಪ್ಪನಿಗೇ ಕರೆ ಮಾಡತೊಡಗಿದರು. ನಮ್ಮ ಕರೆ ಎತ್ತದವರು ಇವರದನ್ನೆಲ್ಲ ಎತ್ತುತ್ತಿದ್ದರು! ನನಗೆ ತಲೆ ಕೆಟ್ಟು ಆ ವೆಬ್‌ಸೈಟಿನ ಗೌಪ್ಯತಾ ನೀತಿ ಅನ್ನೋದನ್ನು ತೆಗೆದು ಓದೋಕೆ ಕೂತೆ. ಕನ್ನಡದಲ್ಲೇ ಇತ್ತು, ಆದರೆ ಯಾವ ಊರಿನ ಕನ್ನಡವೋ ದೇವರಿಗೇ ಗೊತ್ತು. ಮೊದಲ ಸಾಲಿನಲ್ಲೇ ನಿಮ್ಮ ಖಾಸಗಿತನ ನಮಗೆ ಬಹಳ ಮುಖ್ಯ ಅಂತ. ಅದರ ಕೆಳಗೆ, ನೀವು ಕೊಟ್ಟದ್ದನ್ನೂ ತಗೊಳ್ತೀವಿ, ನೀವು ಎಲ್ಲಿದ್ದೀರಿ, ಯಾವ ಸೀರೆ ಮೇಲೆ ಎಷ್ಟು ಹೊತ್ತು ಕಣ್ಣು ಇಟ್ಟಿರಿ ಅನ್ನೋದನ್ನೂ ತಗೊಳ್ತೀವಿ ಅಂತ. ಇನ್ನೂ ಕೆಳಗೆ, ನಮ್ಮ ನಂಬಿಕಸ್ಥ ಪಾಲುದಾರರ ಜೊತೆ ಹಂಚಿಕೊಳ್ತೀವಿ ಅಂತ. ಯಾರಪ್ಪ ಈ ನಂಬಿಕಸ್ಥರು? ಒಡವೆ ಸಾಲದವನಾ? ಯಾರು ನಂಬಿದ್ದು ಅವನನ್ನ? ಅಂಗಡಿಯಲ್ಲಿ ಒಬ್ಬಳೇ ಕೂತು ಫೋನಿಗೆ ಬೈಯುತ್ತಿದ್ದೆ. ಅಳತೆ ಕೊಡೋಕೆ ಬಂದಿದ್ದ ಹೆಂಗಸು ಬಾಗಿಲಲ್ಲೇ ನಿಂತುಬಿಟ್ಟಳು.

ಸಹಾಯವಾಣಿಗೆ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಹಾಡು ಕೇಳಿ, ಕೊನೆಗೆ ಒಬ್ಬ ಮನುಷ್ಯ ಸಿಕ್ಕ. "ನಮ್ಮ ದೊಡ್ಡಪ್ಪನ ನಂಬರು ಅಳಿಸಿಬಿಡಪ್ಪ, ನಿನಗೆ ಪುಣ್ಯ ಬರಲಿ," ಅಂದೆ. ಅಳಿಸಬಹುದು ಮೇಡಂ, ಆದರೆ ಆ ನಂಬರಿಗೆ ಒಂದು ಒಟಿಪಿ ಬರುತ್ತೆ, ಅದನ್ನು ಹಾಕಬೇಕು ಅಂದ. ತಗೊಳ್ಳುವಾಗ ಅವರನ್ನು ಯಾರೂ ಕೇಳಲಿಲ್ಲ, ಬಿಡೋಕೆ ಮಾತ್ರ ಅವರ ಅಪ್ಪಣೆ ಬೇಕಂತೆ! ಇನ್ನೇನು ಮಾಡೋದು, ಅಂಗಡಿ ಬಾಗಿಲು ಎಳೆದು ಬಸ್ ಹತ್ತಿದೆ.

ದೊಡ್ಡಪ್ಪ ಕಾವಲಿನ ಅಂಚಿನಲ್ಲಿ ಜಾಲಿ ಮರದ ಕೆಳಗೆ ಕಂಬಳಿ ಹಾಸಿಕೊಂಡು ಕೂತಿದ್ದರು. ಹಿಂದೆ ಕ್ಯಾಂಪಸ್ಸಿನ ಕಾಂಪೌಂಡು ಕಣ್ಣು ಹಾಯುವವರೆಗೂ ಹೋಗಿತ್ತು. ನನ್ನನ್ನು ನೋಡಿಯೂ ನೋಡದವರ ಹಾಗೆ ಕುರಿಗಳ ಕಡೆ ಮುಖ ಮಾಡಿದರು.

"ದೊಡ್ಡಪ್ಪ, ಮಾತಾಡ್ಬೇಡ್ರಿ, ಪರವಾಗಿಲ್ಲ. ಫೋನ್ ಒಂದು ಕೊಡ್ರಿ. ಆ ಕಂಪ್ನಿಯವ್ರದ್ದು ಅಳಿಸಿ ಹೋಗ್ತೀನಿ."

"ಅಳ್ಸಾಕೂ ನನ್ನ ಫೋನೇ ಬೇಕಾ?"

"ಬೇಕಂತೆ."

ಸೊಂಟದ ಚೀಲದಿಂದ ತೆಗೆದು ನನ್ನ ಮುಂದೆ ಕಂಬಳಿ ಮೇಲೆ ಇಟ್ಟರು. ನಾನು ನನ್ನ ಫೋನಿನಲ್ಲಿ ಅಳಿಸುವ ಗುಂಡಿ ಒತ್ತಿ, ಒಟಿಪಿಗೆ ಕಾಯುತ್ತ ಕೂತೆ. ಅದು ಬರುವ ಮುಂಚೆ ಕರೆ ಬಂತು. ದೊಡ್ಡಪ್ಪ ತಟ್ಟನೆ ಎತ್ತಿಕೊಂಡರು. ಅವರಿಗೆ ಕಿವಿ ಮಂದ, ಹಾಗಾಗಿ ಸ್ಪೀಕರ್ ಯಾವಾಗಲೂ ಹಾಕಿಯೇ ಇರುತ್ತದೆ. ಆ ಸೀರೆ ಕಂಪನಿಯ ಹುಡುಗಿ. ಈ ಕರೆ ರೆಕಾರ್ಡ್ ಆಗ್ತಾ ಇದೆ ಸರ್ ಅಂತ ಮೊದಲೇ ಹೇಳಿದಳು.

"ಉಂಡ್ಯೇನವ್ವ?" ಅಂದರು ದೊಡ್ಡಪ್ಪ.

ಆ ಕಡೆಯಿಂದ, "ಇನ್ನೂ ಇಲ್ಲ ಸರ್. ಸರ್, ನಿಮ್ಮ ಮಗಳ ಮದುವೆ ಕನ್ಫರ್ಮ್ ಆಯ್ತಾ? ಆಗಿಲ್ಲ ಅಂದ್ರೆ ಕ್ಯಾನ್ಸಲ್ ಅಂತ ಹಾಕ್ಕೊಂಡುಬಿಡ್ತೀನಿ. ಆಮೇಲೆ ಕರೆಗಳು ಬರಲ್ಲ."

ನಾನು ಮನಸ್ಸಿನಲ್ಲೇ ಹಾಕ್ಕೊಳಮ್ಮ, ನಿನ್ನ ಹೊಟ್ಟೆ ತಣ್ಣಗಿರಲಿ ಅಂದುಕೊಂಡೆ. ದೊಡ್ಡಪ್ಪ ನೆಟ್ಟಗೆ ಕೂತರು.

"ಕ್ಯಾನ್ಸಲ್ ಅಂತ ಹಾಕ್ಬೇಡ," ಅಂದರು. ದನಿ ಗಡುಸಾಗಿತ್ತು. ಆಮೇಲೆ ಇಳಿಯಿತು. "ಮೊದ್ಲು ಅವಳಿಗೆ ಗಂಡು ನೋಡಿದ್ದು ನಾನು ಕಣವ್ವ. ಅವನು ಕುಡೀತಾನೆ ಅಂತ ನಂಗೆ ಗೊತ್ತಿತ್ತು. ಮದುವೆ ಆದ್ರೆ ಬಿಡ್ತಾನೆ ಅಂದ್ಕೊಂಡೆ, ಯಾರಿಗೂ ಹೇಳ್ಲಿಲ್ಲ. ಆ ಕೂಸಿನ ಬಾಳು ನನ್ನಿಂದ್ಲೇ ಹಾಳಾಗಿದ್ದು. ಈಗ ಅವಳೇ ಒಬ್ಬನ್ನ ನೋಡ್ಕೊಂಡವಳೆ, ಒಳ್ಳೇದೇ ಆತು. ನಂಗೆ ಅವಳ ಮೇಲೆ ಸಿಟ್ಟಿಲ್ಲ. ಯಾವ ಮುಖ ಇಟ್ಕಂಡು ಮತ್ತೆ ಎಲೆ-ಅಡಿಕೆ ತಗಳ್ಲಿ, ನೀನೇ ಹೇಳು."

ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಕೇಳದ ಮಾತು. ಅವರು ಕುರಿಗಳ ಕಡೆ ನೋಡುತ್ತ, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಆ ಗುರುತಿಲ್ಲದ ಹುಡುಗಿಗೆ ಹೇಳುತ್ತಿದ್ದರು.

ಆ ಹುಡುಗಿ ಏನಂದಳು ಗೊತ್ತಾ? "ಸರ್, ಸೀರೆಗೆ ಬಜೆಟ್ ಎಷ್ಟು ಅಂತ ಹೇಳ್ತೀರಾ?"

"ನಿಮ್ಮತ್ರ ಬ್ಯಾಡವ್ವ," ಅಂದರು ದೊಡ್ಡಪ್ಪ. "ಅವಳೇ ನೇಯ್ತಾಳೆ. ನೀನು ಹೋಗಿ ಮೊದ್ಲು ಉಣ್ಣು." ಫೋನ್ ಇಟ್ಟು, ನನ್ನ ಕಡೆ ತಳ್ಳಿ, "ಅದೇನೋ ನಂಬರ್ ಬಂದೈತೆ ನೋಡು," ಅಂದರು. ಒಟಿಪಿ ಬಂದು, ಅದರ ಟೈಮೂ ಮುಗಿದುಹೋಗಿತ್ತು.

ದೊಡ್ಡಪ್ಪ ಬಂದರು. ಹೇಳಿಕಳಿಸದೆಯೇ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು ಕಂಬಳಿ ಮೇಲೆ ಕೂತು, ವ್ಯಾನಿನವರ ಕಡೆಯವರನ್ನು ಕರೆಸಿ ಅವರಿಂದ ಎಲೆ-ಅಡಿಕೆ ತಗೊಂಡರು. ಉಡಿಕೆ ಅಲ್ಲ, ಮದುವೆಯೇ ಆಗಬೇಕು ಅಂತ ಪಟ್ಟು ಹಿಡಿದು, ತಾವೇ ನಿಂತು ಚಪ್ಪರ ಹಾಕಿಸಿದರು. ತಂಗಿ ತಾನೇ ನೇಯ್ದ ಸೀರೆ ಉಟ್ಟಳು. ಎಲ್ಲ ಆಯಿತು. ಆದರೆ ಅವಳ ಜೊತೆ ಒಂದು ಮಾತೂ ಆಡಲಿಲ್ಲ ಪುಣ್ಯಾತ್ಮರು. ಕಾಲಿಗೆ ಬಿದ್ದಾಗ ತಲೆ ಮುಟ್ಟಿ, ಎದ್ದು ಹೋಗಿ ಅಡುಗೆಯವರನ್ನು ಗದರುತ್ತ ನಿಂತರು.

ತಂಗಿಗೆ ಅದೇ ಕೊರಗು. "ಕಂಪ್ನಿಯವ್ರು ಊರೆಲ್ಲ ಡಂಗುರ ಹೊಡೆದ್ರಲ್ಲ, ಮಾನಕ್ಕೆ ಅಂಜಿ ಬಂದ್ರು. ನನ್ನ ಮೇಲಿನ ಸಿಟ್ಟು ಹೋಗಿಲ್ಲ," ಅಂತಾಳೆ. ನಾನು ಜಾಲಿ ಮರದ ಕೆಳಗೆ ಕೇಳಿದ್ದನ್ನೆಲ್ಲ ಹೇಳಿದೆ. ನಂಬಲಿಲ್ಲ. "ನಿಂದು ಮೊದ್ಲಿಂದ ಇದೇ ಆತು ಅಕ್ಕ. ನಂಗೆ ಬೇಜಾರಾದ್ರೆ ಏನಾದ್ರೂ ಕಟ್ಟಿ ಹೇಳ್ತೀಯ." ದೊಡ್ಡಪ್ಪನನ್ನೇ ಕೇಳಿದೆ, ಅವಳಿಗೊಂದು ಸಲ ಹೇಳಿಬಿಡ್ರಿ ಅಂತ. "ಯಾವ ಹುಡುಗಿ? ಯಾವ ಮಾತು? ನಾನೇನೂ ಅಂದಿಲ್ಲ," ಅಂದು ಕಂಬಳಿ ಕೊಡವಿ ಎದ್ದರು. ಅಯ್ಯೋ ನನ್ನ ಕರ್ಮವೇ!

ಆಗ ನೆನಪಾಯಿತು, ರೆಕಾರ್ಡ್ ಆಗಿದೆಯಲ್ಲ! ಮತ್ತೆ ಸಹಾಯವಾಣಿ, ಮತ್ತೆ ಒಂದು ಒತ್ತಿ, ಎರಡು ಒತ್ತಿ. ಒಂದು ಸಲ ಕೇಳಿಸಿಬಿಡಪ್ಪ, ನಮ್ಮ ದೊಡ್ಡಪ್ಪನ ದನಿ, ನನ್ನ ತಂಗಿಗೆ ಬೇಕು ಅಂದೆ. ಅವನು ಬಹಳ ಮರ್ಯಾದೆಯಿಂದ ಹೇಳಿದ, ಕ್ಷಮಿಸಿ ಮೇಡಂ, ಗ್ರಾಹಕರ ಖಾಸಗಿ ಮಾಹಿತಿ, ಹೊರಗಿನವರ ಜೊತೆ ಹಂಚಿಕೊಳ್ಳೋಕಾಗಲ್ಲ.

"ಕಲ್ಯಾಣ ಮಂಟಪದವನ ಜೊತೆ ಹಂಚ್ಕೊಂಡ್ರಲ್ಲ!" ಅಂತ ಕಿರುಚಿದೆ. "ಸಾಲದವನ ಜೊತೆ ಹಂಚ್ಕೊಂಡ್ರಲ್ಲ! ಅವಳ ಬಗ್ಗೆ ಅವಳ ದೊಡ್ಡಪ್ಪ ಆಡಿದ ಮಾತಿಗೆ ಅವಳೇ ಹೊರಗಿನವಳಾ?" ಅವನು ಮತ್ತೆ ಕ್ಷಮಿಸಿ ಅಂದ. ಇನ್ನೇನಾದರೂ ಸಹಾಯ ಬೇಕಾ ಅಂತಲೂ ಕೇಳಿದ.

ಹೋದ ವಾರ ತಂಗಿ ಅಂಗಡಿಗೆ ಬಂದಿದ್ದಳು. ಈಗ ಗಂಡನ ಜೊತೆ ನಾಯಕನಹಟ್ಟಿಯಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ನಾನು ಹೊಲಿಯುತ್ತಿದ್ದಾಗ ಇದ್ದಕ್ಕಿದ್ದಂತೆ, "ಅಕ್ಕ, ನಿಜವಾಗ್ಲೂ ಅಂದ್ರಾ?" ಅಂದಳು.

"ಅಂದ್ರು ಕಣೇ."

"ಹೆಂಗಂದ್ರು? ಅವರು ಅಂದಂಗೇ ಹೇಳು."

ಮಷೀನ್ ನಿಲ್ಲಿಸಿ, ದೊಡ್ಡಪ್ಪನ ಹಾಗೇ ದನಿ ಇಳಿಸಿ ಹೇಳಿದೆ, ಆ ಕೂಸಿನ ಬಾಳು ಅನ್ನೋದರಿಂದ ಹಿಡಿದು ಯಾವ ಮುಖ ಇಟ್ಕಂಡು ಅನ್ನೋವರೆಗೂ, ಒಂದಕ್ಷರ ಬಿಡದೆ. ಅವಳು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಆಮೇಲೆ ಬ್ಯಾಗ್ ಎತ್ತಿಕೊಂಡು, "ಬರ್ತೀನಿ ಅಕ್ಕ," ಅಂದಳು. ಬಾಗಿಲ ಹತ್ತಿರ ಹೋಗಿ ತಿರುಗಿದಳು.

"ಅವರ ದನಿ ಹಂಗಿಲ್ಲ," ಅಂದಳು.