ಮಾವಯ್ಯನ ಕೋಣೆಯ ಹಸಿರು ಬಾಗಿಲು

“ಇದೇಂಟಿ ವದಿನಾ, ಪ್ಲೇಸ್ಕೂಲಾ?”

ಕಳೆದ ಭಾನುವಾರ ವಿಜಯವಾಡದಲ್ಲಿ, ಅಕ್ಕನ ಫ್ಲಾಟಿನ ಒಂದು ಕೋಣೆಯ ಹೊಸ್ತಿಲಲ್ಲೇ ನಿಂತು ಅವಳ ನಾದಿನಿ ‘ಇದೇನು ಅತ್ತಿಗೆ’ ಎಂದು ತೆಲುಗಿನಲ್ಲಿ ಕೇಳಿದಳು. ಬಾತ್‌ರೂಮಿನ ಬಾಗಿಲು ಕಡುಹಸಿರು. ಕಿಟಕಿಯ ಚೌಕಟ್ಟು ನೀಲಿ. ಮಂಚದ ಅಂಚು ಕೆಂಪು. (ನಾನೂ ಅದನ್ನೇ ಕೇಳುವವಳಿದ್ದೆ. ವಿಶಾಖಪಟ್ಟಣದಿಂದ ಹೋದ ಅತಿಥಿಯೆಂಬ ಸಂಕೋಚ ತಡೆಯಿತು.)

“ಹೌದಮ್ಮಾ, ಒಬ್ಬರೇ ಸ್ಟೂಡೆಂಟು. ಹೆಡ್‌ಮಾಸ್ಟರೂ ಅವರೇ,” ಎಂದಳು ಅಕ್ಕ.

ಆ ಸ್ಟೂಡೆಂಟು ಅಕ್ಕನ ಮಾವ, ಅಂದರೆ ನಾದಿನಿಯ ಅಪ್ಪ. ಗ್ಲಾಕೋಮಾದಿಂದ ಅವರ ದೃಷ್ಟಿ ಮಸುಕಾಗಿದೆ.

ಉಳಿದ ಮನೆಯೆಲ್ಲ ಡಿಸೈನರ್ ಹೇಳಿದಂತೆ ಐವರಿ, ದಂತದ ಬಿಳಿ. ಗೋಡೆ, ಬಾಗಿಲು, ಪರದೆ, ನೆಲ, ಎಲ್ಲವೂ. ಕಣ್ಣಿಗೆ ತಂಪು. ವಿಶಾಖಪಟ್ಟಣದ ಋಷಿಕೊಂಡದಲ್ಲಿರುವ ನನ್ನ ಬಾಡಿಗೆ ಮನೆಯೂ ಹಾಗೇ. ಬಣ್ಣಗಳು ಪಿಸುಮಾತಿನಲ್ಲಿರಬೇಕು ಎನ್ನುವವಳು ನಾನು. ಆದರೆ ಮಾವಯ್ಯನಿಗೆ ಬಿಳಿ ಗೋಡೆಯಲ್ಲಿ ಬಾತ್‌ರೂಮಿನ ಬಿಳಿ ಬಾಗಿಲು ಕಾಣುತ್ತಲೇ ಇರಲಿಲ್ಲ. ತಡವುತ್ತಾ ನಿಂತುಬಿಡುತ್ತಿದ್ದರು. ಸೊಸೆಯನ್ನು ಕರೆಯಲು ಸಂಕೋಚ. ಕರೆಯುವ ಪ್ರಸಂಗವೇ ಬಾರದಿರಲಿ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು.

ಇದನ್ನೆಲ್ಲ ಅಕ್ಕ ಹೇಳಿದ್ದು ಅಡುಗೆಮನೆಯಲ್ಲಿ.

“ಥರ್ಮಲ್ ಪವರ್ ಸ್ಟೇಷನ್ನಲ್ಲಿ ಕೆಲಸದಲ್ಲಿ ಇದ್ದವರಲ್ವೇನೇ? ಅಲ್ಲಿ ನೀರಿನ ಪೈಪು ಹಸಿರಂತೆ, ಗಾಳಿಯದು ನೀಲಿ, ಬೆಂಕಿ ಆರಿಸೋದು ಕೆಂಪು. ‘ಮಾವಯ್ಯಗಾರು, ಅದನ್ನೇ ನಿಮ್ಮ ಕೋಣೆಗೂ ಹಾಕ್ಸೋಣ್ವಾ?’ ಅಂದೆ. ಎಷ್ಟು ನಕ್ಕರು ಗೊತ್ತಾ! ಡಿಸೈನರ್ ಮಾತ್ರ ನಗಲಿಲ್ಲ.”

“ಕೆಂಪು ಮಂಚಕ್ಕೆ ಯಾಕೆ?”

“ಅದಕ್ಕೆ ಮಂಡಿ ಬಡಿಸ್ಕೊಳ್ತಿದ್ರು. ಕೆಂಪು ಅಂದ್ರೆ ಹುಷಾರು, ಅಷ್ಟೇ.”

ನಾವು ಬಣ್ಣ ಆರಿಸುವುದು ಹೇಗೆ? ಸೋಫಾಕ್ಕೆ ಹೊಂದುತ್ತದೆಯೇ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆಯೇ ಎಂದು. ಅಕ್ಕ ಆ ಕೋಣೆಯಲ್ಲಿ ಬದುಕುವವರ ಕಣ್ಣಿನಿಂದ ಶುರು ಮಾಡಿದ್ದಳು. ಮೂರೇ ಬಣ್ಣ, ಒಂದೊಂದಕ್ಕೂ ಒಂದು ಕೆಲಸ. ಗೋಡೆ ಮಾತ್ರ ಐವರಿಯೇ. ಇದಕ್ಕಿಂತ ಶಿಸ್ತಿನ ಕಲರ್ ಸ್ಕೀಮ್ ನಾನು ನೋಡಿಲ್ಲ.

ಊಟದ ನಡುವೆ ಮಾವಯ್ಯ ಎದ್ದರು.

“ಆಗು ನಾನ್ನಾ, ನೇನೊಸ್ತಾ,” ನಿಲ್ಲಪ್ಪಾ, ನಾನೂ ಬರ್ತೀನಿ ಎನ್ನುತ್ತಾ ನಾದಿನಿ ಎಂಜಲು ಕೈಯಲ್ಲೇ ಅವರ ಹಿಂದೆ ಹೊರಟಳು.

ಅವರು ತಿರುಗಿಯೂ ನೋಡಲಿಲ್ಲ. “ನೀನು ಪಪ್ಪು ಅನ್ನ ಮುಗಿಸಮ್ಮಾ,” ಎಂದರು. ತಮ್ಮ ಕೋಣೆಗೆ ಹೋಗಿ ನೆಟ್ಟಗೆ ಆ ಹಸಿರಿನತ್ತ ನಡೆದರು. ಬಾಗಿಲು ಮುಚ್ಚಿತು. ಚಿಲಕ ಹಾಕಿಕೊಂಡ ಸದ್ದು ನಮ್ಮ ಮೇಜಿನವರೆಗೂ ಕೇಳಿಸಿತು.

ನಾದಿನಿ ಮೆಲ್ಲನೆ ಬಂದು ಕೂತಳು. ಮತ್ತೆ ಅನ್ನ ಕಲಸತೊಡಗಿದಳು.

ಹೊರಗೆ ಯಾರನ್ನೂ ಕಾಯಿಸದೆ, ಒಳಗಿನಿಂದ ತಾವೇ ಚಿಲಕ ಹಾಕಿಕೊಳ್ಳುವ ಮರ್ಯಾದೆಗಿಂತ ಒಂದು ಮನೆಗೆ ಚೆನ್ನಾಗಿ ಒಪ್ಪುವ ಬಣ್ಣ ಇನ್ನಾವುದು?